‘ಕೋರ್ಟಲ್ ಕಾಂಬ’ ಅನ್ನುವ ಮೊದಲು

ಕುಂದಾಪುರದ ಕಡೆ ಜಾಗದ ತಕರಾರು ಬಿಸಿಯೇರಿದಾಗ ಕೊನೆಗೆ ಬರುವ ಮಾತು, ‘ಆಯ್ತ್, ಕೋರ್ಟಲ್ ಕಾಂಬ’. ಹೇಳಲು ಒಂದು ಉಸಿರು ಸಾಕು. ಕಾಣಲು ಮಾತ್ರ ಅಮಾಸೆಬೈಲಿನಂಥ ಘಟ್ಟದ ಬುಡದ ಊರಿನವರು ಬೆಳಗಿನ ಬಸ್ಸು ಹಿಡಿಯಬೇಕು, ಹಾಲಾಡಿ ದಾಟಿ ಕುಂದಾಪುರಕ್ಕೆ ಇಳಿಯಬೇಕು, ಹೆಸರು ಕೂಗುವವರೆಗೆ ಕೋರ್ಟಿನ ಜಗಲಿಯಲ್ಲಿ ಕಾಯಬೇಕು, ಮುಂದಿನ ವಾಯಿದೆಯ ತಾರೀಕು ಬರೆದುಕೊಂಡು ಕತ್ತಲಾಗುವಾಗ ಮನೆ ಸೇರಬೇಕು. ಅಡಿಕೆ ಕೊಯ್ಲಿನ ಒಂದು ದಿನ ಹೋಯಿತು. ಇಂಥ ದಿನಗಳು ಎಷ್ಟು ಬರುತ್ತವೆಂದು ಯಾವ ವಕೀಲರೂ ಹೇಳಲಾರರು. ಆದರೆ ಅವುಗಳಲ್ಲಿ ಎಷ್ಟು ದಿನ ಸುಮ್ಮನೆ ಹಾಳಾಗುತ್ತವೆ ಎಂಬುದು ಬಹುಮಟ್ಟಿಗೆ ಕಕ್ಷಿದಾರರ ಕೈಯಲ್ಲೇ ಇದೆ, ಅದೂ ವಕೀಲರ ಆಫೀಸಿನ ಮೆಟ್ಟಿಲು ಹತ್ತುವ ಮೊದಲೇ.

ಒಂದು ಮನೆಯ ಕಥೆ ಇಟ್ಟುಕೊಂಡೇ ನೋಡೋಣ. ಕಲ್ಪನೆಯ ಮನೆ, ಆದರೆ ಇಂಥವು ಊರಿಗೆ ಹತ್ತು ಸಿಗುತ್ತವೆ. ಅಜ್ಜನ ಕಾಲದಿಂದ ಪಕ್ಕದವರ ಹಕ್ಕಲಿನ ಅಂಚಿನಲ್ಲಿ ನಡೆದು, ದಣಪೆ ದಾಟಿ ರಸ್ತೆಗೆ ಬೀಳುವ ಕಾಲುದಾರಿ. ಬೆಂಗಳೂರಿನಲ್ಲಿ ಬೇಕರಿ ಇಟ್ಟ ಮಗ ಕಾರು ತಂದ. ಕಾರು ಅಂಗಳಕ್ಕೆ ಬರಲಿ ಎಂದು ಒಂದು ರಜೆಯಲ್ಲಿ ದರೆ ಕಡಿಸಿದ. ಮುಂದಿನ ವಾರ ಪಕ್ಕದವರು ದಣಪೆ ಕಿತ್ತು ತಂತಿಬೇಲಿ ಹಾಕಿದರು. ಕಾರಷ್ಟೇ ಅಲ್ಲ, ಹಾಲು ಕೊಡಲು ಡೈರಿಗೆ ಹೋಗುವ ಅಮ್ಮನಿಗೂ ದಾರಿ ಇಲ್ಲ.

ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಹೋಗಬಾರದೆಂದಲ್ಲ, ಹೊಡೆದಾಟ, ಬೆದರಿಕೆ ಇದ್ದರೆ ದೂರು ಕೊಡಲೇಬೇಕು. ಆದರೆ ದಾರಿ ಯಾರದ್ದು, ಗಡಿ ಎಲ್ಲಿ ಎಂದು ತೀರ್ಮಾನಿಸುವ ಅಧಿಕಾರ ಠಾಣೆಗಿಲ್ಲ. ‘ಇದು ಸಿವಿಲ್ ಸ್ವರೂಪದ ವಿಚಾರ, ಸಕ್ಷಮ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಿ’ ಎಂದು ಹಿಂಬರಹ ಕೊಡುತ್ತಾರೆ. ಬೇಸರಪಟ್ಟು ಅದನ್ನು ಹರಿದು ಬಿಸಾಡಬೇಡಿ. ಬೇಲಿ ಯಾವಾಗ ಬಂತು, ನೀವು ಯಾವಾಗ ಆಕ್ಷೇಪಿಸಿದಿರಿ ಎಂಬುದಕ್ಕೆ ಅದೂ ಒಂದು ದಾಖಲೆ.

ಟ್ರಂಕಿನಲ್ಲಿರುವ ಕೇಸು

ವಕೀಲರನ್ನು ಕಾಣುವ ಹಿಂದಿನ ದಿನ ಮಾಡುವ ಕೆಲಸವೇ ಇಡೀ ದಾವೆಯಲ್ಲಿ ಹೆಚ್ಚು ಬೆಲೆಯದ್ದು ಎಂದು ನನ್ನ ನಂಬಿಕೆ. ಮನೆಯ ಟ್ರಂಕು ಬಿಚ್ಚಿ ಇದ್ದದ್ದನ್ನೆಲ್ಲ ತೆಗೆಯಿರಿ. ನಮ್ಮದು 1956ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ದಕ್ಷಿಣ ಕನ್ನಡ. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾಯಿತು. ಆಮೇಲೆ ಬೈಂದೂರು, ಬ್ರಹ್ಮಾವರ ಬೇರೆ ತಾಲೂಕುಗಳಾದವು. ಹೀಗಾಗಿ ಒಂದೇ ಗದ್ದೆಯ ಕಾಗದದಲ್ಲಿ ಹಳೆಯ ಅಡಂಗಲ್, ವರ್ಗದ ನಂಬ್ರ, ಇವತ್ತಿನ ಪಹಣಿ ಎಲ್ಲವೂ ಬೇರೆ ಬೇರೆ ಭಾಷೆ ಮಾತಾಡುತ್ತವೆ. ಹಳೆಯ ವಿಭಾಗ ಪತ್ರ, ಕ್ರಯಪತ್ರ, ಭೂನ್ಯಾಯಮಂಡಳಿಯ ಆದೇಶ, ಮ್ಯುಟೇಶನ್ನಿನ ಪ್ರತಿ, ಸರ್ವೆ ನಕ್ಷೆ, ನೋಂದಣಿ ಕಚೇರಿಯ ಋಣಭಾರ ಪತ್ರ, ಎಲ್ಲ ಬೇಕು. ಹಳೆಯ ಪತ್ರದ ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಹೋಗುವರೇ ಬರುವರೇ ದಾರಿ’ ಎಂಬ ಅರ್ಧ ಸಾಲು ಸಿಕ್ಕಿದರೆ, ಅದು ಹತ್ತು ಸಾಕ್ಷಿಗಳಿಗಿಂತ ಹೆಚ್ಚು ಮಾತಾಡುತ್ತದೆ.

ಪಹಣಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಆಳವಾಗಿ ಬೇರೂರಿದೆ. ‘ಆರ್‌ಟಿಸಿಯಲ್ಲಿ ನನ್ನ ಹೆಸರಿದೆ, ಮತ್ತೆಂತ ಬೇಕು?’ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಸರಿ ಎಂಬ ಊಹೆ ಇದೆ, ಅಷ್ಟೇ. ಪಹಣಿಯಿಂದ ಹಕ್ಕು ಹುಟ್ಟುವುದಿಲ್ಲ. ಹಕ್ಕು ಹುಟ್ಟುವುದು ಪತ್ರದಿಂದ, ವಾರಸುದಾರಿಕೆಯಿಂದ, ಮಂಡಳಿಯ ಆದೇಶದಿಂದ.

ಕುಮ್ಕಿಯದ್ದು ಇನ್ನೊಂದು ಕಗ್ಗಂಟು. ವರ್ಗದ ಜಾಗದ ಸುತ್ತ ನೂರು ಗಜದೊಳಗಿನ ಈ ಸರ್ಕಾರಿ ಜಾಗದಲ್ಲಿ ವರ್ಗದಾರನಿಗೆ ಇರುವುದು ಸೊಪ್ಪು, ಸೌದೆಯ ಸವಲತ್ತು, ಮಾಲೀಕತ್ವವಲ್ಲ. ಮೂರು ತಲೆಮಾರು ಬೇಲಿ ಹಾಕಿಕೊಂಡಿದ್ದರೂ ‘ನಮ್ಮ ಕುಮ್ಕಿ’ ಎಂಬುದನ್ನು ‘ನಮ್ಮ ಜಾಗ’ ಎಂದು ದಾವೆಯಲ್ಲಿ ಬರೆಸಿದರೆ ಮೊದಲ ಪಾಟಿಸವಾಲಿನಲ್ಲೇ ಕೇಸು ಕುಂಟುತ್ತದೆ. ನಮ್ಮ ಕಥೆಯ ದಾರಿ ಹಕ್ಕಲಿನಲ್ಲಿದೆಯೋ ಕುಮ್ಕಿಯಲ್ಲಿದೆಯೋ ಎಂಬುದನ್ನು ಸರ್ವೆ ನಕ್ಷೆ ನೋಡಿಯೇ ಹೇಳಬೇಕು. ಸರ್ಕಾರವನ್ನೇ ಪ್ರತಿವಾದಿ ಮಾಡಬೇಕಾಗಿ ಬಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ ಮಾತ್ರ ಕೋರ್ಟಿನ ಅನುಮತಿ ಪಡೆದು ಮೊದಲೇ ಹೋಗಬಹುದು. ಹೊಸ ಕ್ರಿಮಿನಲ್ ಕಾನೂನುಗಳು ಬಂದ ಮೇಲೆ ಎಲ್ಲವೂ ಬದಲಾಯಿತು ಎಂದುಕೊಂಡವರಿದ್ದಾರೆ. ಸಿವಿಲ್ ದಾವೆಗೆ ಇವತ್ತಿಗೂ 1908ರ ಸಂಹಿತೆಯೇ. ಬದಲಾದದ್ದು ಸಾಕ್ಷ್ಯದ ಕಾನೂನು, ಅದರ ಮಾತು ಮುಂದೆ ಬರುತ್ತದೆ.

ಕಾಗದದ ಜೊತೆಗೆ ಒಂದು ಹಾಳೆಯಲ್ಲಿ ತಾರೀಕಿನ ಪಟ್ಟಿ ಬರೆಯಿರಿ: ದಾರಿ ಯಾವಾಗಿಂದ, ದರೆ ಕಡಿಸಿದ್ದು ಯಾವಾಗ, ಬೇಲಿ ಬಂದದ್ದು ಯಾವ ದಿನ. ಈ ಕೊನೆಯ ತಾರೀಕು ಮುಖ್ಯ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯಲ್ಲಿ ದೀರ್ಘ ಬಳಕೆಯಿಂದ ದಾರಿಯ ಹಕ್ಕು ಬರಬೇಕಾದರೆ 20 ವರ್ಷ ಬಹಿರಂಗವಾಗಿ, ಶಾಂತಿಯಿಂದ, ಅಡ್ಡಿಯಿಲ್ಲದೆ, ಹಕ್ಕೆಂದೇ ನಡೆದಿರಬೇಕು. ಆ 20 ವರ್ಷ ದಾವೆ ಹೂಡುವ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ‘ನೋಡುವ, ದೇವರಿದ್ದಾನೆ, ಅವರಿಗೇ ಬುದ್ಧಿ ಬರುತ್ತದೆ’ ಎಂದು ಮೂರು ವರ್ಷ ಸುತ್ತುದಾರಿಯಲ್ಲಿ ನಡೆದವರು ಅಜ್ಜನ ದಾರಿಯನ್ನೇ ಕಳೆದುಕೊಳ್ಳುವುದು ಹೀಗೆ.

ಬೇರೆ ತಕರಾರುಗಳಿಗೂ ಒಂದೊಂದು ಗಡಿಯಾರವಿದೆ. ಕೈಗಡ ಕೊಟ್ಟ ಹಣಕ್ಕೆ ಮೂರು ವರ್ಷ. ನಡುವೆ ಸಾಲಗಾರ ಸಹಿ ಹಾಕಿ ಬಾಕಿ ಒಪ್ಪಿಕೊಂಡರೆ ಅಲ್ಲಿಂದ ಹೊಸ ಲೆಕ್ಕ. ಜಾಗ ಮಾರುವ ಕರಾರು ಮಾಡಿ ಕ್ರಯಪತ್ರ ಮಾಡಿಕೊಡದಿದ್ದರೆ, ಕರಾರಿನಲ್ಲಿ ಹೇಳಿದ ತಾರೀಕಿನಿಂದ ಮೂರು ವರ್ಷ. ಹಕ್ಕಿನ ಆಧಾರದಲ್ಲಿ ಸ್ವಾಧೀನ ವಾಪಸು ಕೇಳಲು 12 ವರ್ಷ. ಬಲಾತ್ಕಾರದಿಂದ ಒಕ್ಕಲೆಬ್ಬಿಸಿದವರ ವಿರುದ್ಧ, ಹಕ್ಕಿನ ಪ್ರಶ್ನೆಗೇ ಹೋಗದೆ ಸ್ವಾಧೀನ ವಾಪಸು ಪಡೆಯುವ ಸುಲಭದ ದಾರಿಯೂ ಇದೆ, ಆದರೆ ಅದಕ್ಕೆ ಆರೇ ತಿಂಗಳು.

ವಕೀಲರ ಎದುರು

ವಕೀಲರು ಜಾಹೀರಾತು ಹಾಕುವಂತಿಲ್ಲ, ಅದು ವಕೀಲರ ಪರಿಷತ್ತಿನ ನಿಯಮ. ಹಾಗಾಗಿ ಬಾಯಿಂದ ಬಾಯಿಗೆ ಬಂದ ಹೆಸರೇ ಗತಿ. ಕ್ರಿಮಿನಲ್ ಕೇಸಿನಲ್ಲಿ ಹೆಸರು ಮಾಡಿದವರಿಗೆ ವರ್ಗ, ಕುಮ್ಕಿ, ಮೂಲಗೇಣಿಯ ಒಳಸುಳಿ ಗೊತ್ತಿರಬೇಕೆಂದಿಲ್ಲ. ‘ಇಂಥ ದಾರಿಯ ದಾವೆ ನಡೆಸಿದ್ದೀರಾ?’ ಎಂದು ನೇರ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಈ ಮೊದಲ ಭೇಟಿಯಲ್ಲಿ. ನಮ್ಮ ಕಡೆಯವರು ವಕೀಲರೆದುರು ಕುಳಿತರೆ ತಮಗೆ ಅನುಕೂಲದ್ದನ್ನಷ್ಟೇ ಹೇಳುತ್ತಾರೆ. ದರೆ ಕಡಿಸಿದ್ದನ್ನು ಹೇಳುವುದಿಲ್ಲ. ಹದಿನೈದು ವರ್ಷದ ಹಿಂದೆ ಅಪ್ಪ ಪಕ್ಕದ ಮನೆಗೆ ಹೋಗಿ ‘ಮದುವೆ ದಿಬ್ಬಣಕ್ಕೆ ಸ್ವಲ್ಪ ದಾರಿ ಬಿಡಿ’ ಎಂದು ಕೇಳಿ ಚೀಟಿ ಬರೆದುಕೊಟ್ಟದ್ದನ್ನು ಹೇಳುವುದಿಲ್ಲ. ನೀವು ನಿಮ್ಮ ವಕೀಲರಿಗೆ ಹೇಳದ ಸುದ್ದಿ ಎದುರಿನ ವಕೀಲರಿಗೆ ಗೊತ್ತೇ ಇರುತ್ತದೆ. ಅವರ ಕಕ್ಷಿದಾರ ನಿಮ್ಮ ಪಕ್ಕದ ಮನೆಯವರಲ್ಲವೇ? ಅನುಮತಿ ಕೇಳಿ ನಡೆದ ದಾರಿ ‘ಹಕ್ಕೆಂದು’ ನಡೆದ ದಾರಿಯಲ್ಲ. ಆ ಚೀಟಿಯ ಸಂಗತಿ ಮೊದಲೇ ಗೊತ್ತಾದರೆ ವಕೀಲರು ದಾವೆಯನ್ನು ಬೇರೆ ರೀತಿ ಕಟ್ಟುತ್ತಾರೆ. ಎರಡೂ ಜಾಗ ಹಿಂದೆ ಒಂದೇ ಮನೆತನದ್ದಾಗಿದ್ದು, ಪಾಲಾದಾಗ ಈ ಮನೆಗೆ ಬೇರೆ ದಾರಿಯೇ ಉಳಿಯದಿದ್ದರೆ, ಅನಿವಾರ್ಯತೆಯ ದಾರಿ ಎಂಬ ಇನ್ನೊಂದು ಹಕ್ಕಿದೆ. ಆದರೆ ಎಷ್ಟೇ ಸುತ್ತಾಗಲಿ ಇನ್ನೊಂದು ದಾರಿ ಇದ್ದರೆ ಆ ಹಕ್ಕು ನಿಲ್ಲುವುದಿಲ್ಲ. ನೀವು ಹೇಳಿದ್ದು ಗುಟ್ಟಾಗಿ ಉಳಿಯಬೇಕೆಂದು ಕಾನೂನೇ ವಕೀಲರನ್ನು ಕಟ್ಟಿಹಾಕಿದೆ. ಇದ್ದದ್ದೆಲ್ಲ ಹೇಳಿಬಿಡಿ.

ಅಂದಹಾಗೆ ಆ ಕಾರಿನ ವಿಚಾರ. ಅನುಭೋಗದ ಹಕ್ಕುಗಳ ಕಾಯ್ದೆಯ 28ನೇ ಕಲಮು ಹೇಳುವುದು ಇಷ್ಟು: ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರಿಲ್ಲ. ಅಜ್ಜ ನಡೆದದ್ದು ಕಾಲುದಾರಿ. 20 ವರ್ಷದ ನಡಿಗೆಯಿಂದ ಸಿಗುವುದು ನಡೆಯುವ ಹಕ್ಕು. ‘ಹತ್ತು ಅಡಿ ರಸ್ತೆ’ ಎಂದು ಆಸೆಗೆ ಬರೆಸಿ ಸಾಬೀತು ಮಾಡಲಾಗದೆ ಒದ್ದಾಡುವುದಕ್ಕಿಂತ ಮೂರು ಅಡಿಯ ಸತ್ಯ ಬರೆಸುವುದು ಗಟ್ಟಿ.

ಫೀಸಿನ ಮಾತು ಮೊದಲೇ ಆಗಲಿ. ಗೆದ್ದರೆ ಇಂತಿಷ್ಟು ಪಾಲು ಎಂಬ ಒಪ್ಪಂದ ನಮ್ಮ ದೇಶದ ವಕೀಲರಿಗೆ ನಿಷಿದ್ಧ. ಯಾರಾದರೂ ಹಾಗೆಂದರೆ ಎದ್ದು ಬನ್ನಿ. ಕೋರ್ಟ್ ಫೀ, ಸಮನ್ಸಿನ ಪ್ರೊಸೆಸ್ ಫೀ, ಕಮಿಷನರ್ ಖರ್ಚು, ವಕೀಲರ ಫೀಸು, ಇವೆಲ್ಲ ಬೇರೆ ಬೇರೆ. ಯಾವುದಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ, ರಸೀದಿ ಕೇಳಿ. ಮೂಲ ಪತ್ರಗಳನ್ನು ಕೊಡುವಾಗ ಪಟ್ಟಿಗೆ ಸಹಿ ಪಡೆಯಿರಿ, ನಿಮ್ಮ ಬಳಿ ಜೆರಾಕ್ಸ್ ಇರಲಿ. ವಕೀಲರನ್ನು ಬದಲಿಸಬೇಕಾಗಿ ಬಂದರೆ ಬಾಕಿ ಫೀಸಿಗಾಗಿ ಕಡತ ಅಡವಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಖಾಲಿ ಹಾಳೆಗೆ, ಓದಿ ಅರ್ಥವಾಗದ ಇಂಗ್ಲಿಷ್ ಪ್ರಮಾಣಪತ್ರಕ್ಕೆ ಸಹಿ ಬೇಡ. ‘ವಕೀಲ್ರೆ, ಕನ್ನಡದಲ್ಲಿ ಒಮ್ಮೆ ಹೇಳಿ’ ಎಂದರೆ ಒಳ್ಳೆಯ ವಕೀಲರು ಬೇಸರಿಸುವುದಿಲ್ಲ. ನಾಳೆ ಪೆಟ್ಟಿಗೆಯಲ್ಲಿ ನಿಂತು ಅದಕ್ಕೆ ಉತ್ತರ ಹೇಳಬೇಕಾದವರು ನೀವು.

ಹಣವಿಲ್ಲದವರಿಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಕೋರ್ಟಿನ ಆವರಣದಲ್ಲೇ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ಡೈರಿಗೆ ಹೋಗುವ ಆ ಅಮ್ಮ ತಾವೇ ದಾವೆ ಹೂಡಿದರೆ ಅವರಿಗೆ ಈ ಸೌಲಭ್ಯ ಉಂಟು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ದಾವೆ, ತಡೆಯಾಜ್ಞೆ, ಕಮಿಷನರು

ಜಾಗ ಎಲ್ಲಿದೆಯೋ ಆ ವ್ಯಾಪ್ತಿಯ ಕೋರ್ಟಿನಲ್ಲೇ ದಾವೆ. ಮೌಲ್ಯ ನೋಡಿ ಸಿವಿಲ್ ನ್ಯಾಯಾಧೀಶರ ಎದುರೋ ಹಿರಿಯ ಸಿವಿಲ್ ನ್ಯಾಯಾಧೀಶರ ಎದುರೋ ಎಂದು ತೀರ್ಮಾನ. ಊರಿನ ಹಿರಿಯರು ಇನ್ನೂ ಮುನ್ಸೀಫ್ ಕೋರ್ಟ್ ಎನ್ನುತ್ತಾರೆ. ದಾವೆಗೆ ಓ.ಎಸ್. ನಂಬ್ರ ಬೀಳುತ್ತದೆ, ಜೊತೆಗೆ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬ್ರ. ಅದನ್ನು ಇ-ಕೋರ್ಟ್ಸ್ ಆಪ್‌ನಲ್ಲಿ ಹಾಕಿದರೆ ಮುಂದಿನ ವಾಯಿದೆ, ಕಳೆದ ವಾಯಿದೆಯಲ್ಲಿ ಏನಾಯಿತು ಎಂಬುದು ಮನೆಯಲ್ಲೇ ತಿಳಿಯುತ್ತದೆ. ಎಲ್ಲ ವಾಯಿದೆಗೂ ಕಕ್ಷಿದಾರ ಹೋಗಬೇಕಿಲ್ಲ. ಯಾವುದಕ್ಕೆ ಬರಬೇಕು ಎಂದು ವಕೀಲರ ಗುಮಾಸ್ತರನ್ನು ಹಿಂದಿನ ಸಂಜೆ ಕೇಳಿದರೆ ಅಡಿಕೆ ಕೊಯ್ಲಿನ ಹಲವು ದಿನ ಉಳಿಯುತ್ತವೆ.

ದಾವೆಯ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹೋಗುತ್ತದೆ. ನ್ಯಾಯಾಧೀಶರು ನೋಡುವುದು ಮೂರು ವಿಷಯ: ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯೇ, ಆಜ್ಞೆ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆ ನಷ್ಟವನ್ನು ಹಣದಲ್ಲಿ ತುಂಬಲಾಗದೇ. ಎದುರಿನವರನ್ನು ಕೇಳದೆಯೂ ತುರ್ತಿನಲ್ಲಿ ಆಜ್ಞೆ ಸಿಗಬಹುದು. ಹಾಗೆ ನಿಮ್ಮ ವಿರುದ್ಧ ಯಾರಾದರೂ ತರುವ ಸೂಚನೆ ಇದ್ದರೆ ಮೊದಲೇ ಕೇವಿಯಟ್ ಹಾಕಿಡಿ. ಅದರ ಆಯುಸ್ಸು 90 ದಿನ.

ಬೇಲಿ ಈಗಾಗಲೇ ಬಂದಾಗಿದ್ದರೆ ‘ಅಡ್ಡಿ ಮಾಡಬೇಡಿ’ ಎಂಬ ಆಜ್ಞೆಯಷ್ಟೇ ಸಾಲದು. ‘ಬೇಲಿ ತೆಗೆಯಿರಿ’ ಎಂಬ ಆಜ್ಞಾಪಕ ನಿರ್ಬಂಧಕಾಜ್ಞೆಯನ್ನೂ ಕೇಳಬೇಕು. ಜಾಗದ ಹಕ್ಕಿನ ಬಗ್ಗೆಯೇ ಎದುರಿನವರು ಗಂಭೀರ ತಕರಾರು ಎತ್ತಿದ್ದರೆ ಬರಿಯ ತಡೆಯಾಜ್ಞೆಯ ದಾವೆ ಸಾಕಾಗದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಕೋರ್ಟ್ ಫೀ ಉಳಿಸಲು ಇದನ್ನು ಬಿಟ್ಟು ಹತ್ತು ವರ್ಷದ ನಂತರ ಮೇಲ್ಮನವಿಯಲ್ಲಿ ಸೋತವರ ಹೊಟ್ಟೆಯುರಿ ಕೇಳಬೇಡಿ.

ಸಮನ್ಸ್ ಬಂದವರಿಗೂ ಒಂದು ಮಾತು. ‘ತೆಗೆದುಕೊಳ್ಳದಿದ್ದರೆ ಕೇಸೇ ಇಲ್ಲ’ ಎಂದು ಪೋಸ್ಟ್‌ಮ್ಯಾನ್‌ಗೆ ಬಾಗಿಲು ಮುಚ್ಚುವವರಿದ್ದಾರೆ. ನಿರಾಕರಿಸಿದ ಸಮನ್ಸ್ ಜಾರಿಯಾದಂತೆಯೇ ಲೆಕ್ಕ. ಆಮೇಲೆ ನೀವಿಲ್ಲದೆ ಏಕಪಕ್ಷೀಯವಾಗಿ ಡಿಕ್ರಿ ಆಗುತ್ತದೆ, ಅದನ್ನು ರದ್ದು ಮಾಡಿಸಲು 30 ದಿನದೊಳಗೆ ಸರಿಯಾದ ಕಾರಣದೊಂದಿಗೆ ಓಡಬೇಕು. ಸಮನ್ಸ್ ಸಿಕ್ಕ 30 ದಿನದಲ್ಲಿ ಪ್ರತಿಹೇಳಿಕೆ ಸಲ್ಲಿಸಬೇಕು. ಕಾರಣ ಕೊಟ್ಟರೆ 90 ದಿನದವರೆಗೆ. ವಾದಿ ಹೇಳಿದ ಒಂದೊಂದು ಸಂಗತಿಗೂ ಉತ್ತರ ಇರಬೇಕು. ನಿರಾಕರಿಸದ್ದನ್ನು ಒಪ್ಪಿದಂತೆ ಹಿಡಿಯುತ್ತಾರೆ.

ದಾರಿ, ಗಡಿ, ನೀರಿನ ತೋಡಿನ ದಾವೆಗಳಲ್ಲಿ ಕೋರ್ಟು ಕಮಿಷನರನ್ನು ಕಳಿಸುವುದುಂಟು, ಸಾಮಾನ್ಯವಾಗಿ ಒಬ್ಬ ವಕೀಲರು ಅಥವಾ ಸರ್ವೆಯವರು. ಆ ದಿನ ಊರಿಗೇ ಜಾತ್ರೆ. ಅಂದು ನೀವು ಮನೆಯಲ್ಲೇ ಇರಿ, ಆದರೆ ಕೂಗಾಡಬೇಡಿ. ಏನನ್ನು ನೋಡಬೇಕು, ಯಾವುದನ್ನು ಅಳೆಯಬೇಕು ಎಂದು ವಕೀಲರ ಮೂಲಕ ಮೊದಲೇ ಬರಹದಲ್ಲಿ ಕೊಡಿ: ಕಾಲು ಸವೆದ ಕಲ್ಲಿನ ಮೆಟ್ಟಿಲು, ದಣಪೆಯ ಕಲ್ಲುಕಂಬದ ಹಳೆಯ ತೂತು, ದಾರಿಯ ಎರಡೂ ಕಡೆಯ ಹಳೆಯ ಅಗಳು. ಮಳೆಗಾಲಕ್ಕೆ ಮೊದಲು ಮಾಡಿಸಿ. ಜುಲೈಯಲ್ಲಿ ಬಂದರೆ ಅಮಾಸೆಬೈಲಿನಲ್ಲಿ ಹುಲ್ಲು ಬಿಟ್ಟರೆ ಮತ್ತೆಂತ ಕಂಡೀತು? ವರದಿ ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸಲೇಬೇಕು, ಜಗಲಿಯಲ್ಲಿ ಕೂತು ಗೊಣಗಿದರೆ ದಾಖಲೆಗೆ ಬರುವುದಿಲ್ಲ. ನೀವೇ ಮೊಬೈಲಿನಲ್ಲಿ ತೆಗೆದ ಫೋಟೊ, ವಿಡಿಯೊ ಹಾಜರುಪಡಿಸುವುದಾದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಮೂಲ ಫೈಲನ್ನು ಮೊಬೈಲಿನಿಂದ ಅಳಿಸಬೇಡಿ. ವಾಟ್ಸಾಪಿನಲ್ಲಿ ಸುತ್ತಿ ಬಂದ ಪ್ರತಿಗೆ ಬೆಲೆ ಕಡಿಮೆ.

ಪೆಟ್ಟಿಗೆಯಲ್ಲಿ ನಿಂತಾಗ

ಮುಖ್ಯ ವಿಚಾರಣೆ ಈಗ ಪ್ರಮಾಣಪತ್ರದಲ್ಲೇ ಮುಗಿಯುತ್ತದೆ. ಉಳಿಯುವುದು ಪಾಟಿಸವಾಲು. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನಿ. ಕೇಳಿದ್ದಕ್ಕಷ್ಟೇ ಉತ್ತರ. ‘ಪಕ್ಕದವರು ಒಳ್ಳೆಯವರಿದ್ದರು, ಬಿಟ್ಟುಕೊಟ್ಟಿದ್ದರು’ ಎಂದು ಸೌಜನ್ಯಕ್ಕೆ ಹೇಳಿದ ಒಂದು ಮಾತು 20 ವರ್ಷದ ಹಕ್ಕನ್ನು ಅನುಮತಿಯಾಗಿ ಮಾಡಿಬಿಡಬಹುದು. ಸುಳ್ಳು ಹೇಳಿ ಎಂದಲ್ಲ. ಸತ್ಯ ಯಾವುದು ಎಂದು ಮನೆಯಲ್ಲೇ ಯೋಚಿಸಿ ಬನ್ನಿ.

ಬೆಂಗಳೂರಿನ ಮಗನೋ ಮುಂಬಯಿಯ ಅಣ್ಣನೋ ಊರಿನ ತಮ್ಮನಿಗೆ ಅಧಿಕಾರಪತ್ರ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಮಾಮೂಲು. ಅಧಿಕಾರಪತ್ರ ಇದ್ದವರು ದಾವೆ ನಡೆಸಬಹುದು, ಆದರೆ ತಮಗೆ ಖುದ್ದು ಗೊತ್ತಿರುವ ಸಂಗತಿಗೆ ಮಾತ್ರ ಸಾಕ್ಷಿ ಹೇಳಬಹುದು. ಕರಾರು ಮಾಡಿಕೊಂಡವರು ನೀವಾದರೆ ರಜೆ ಹಾಕಿ ಬರಬೇಕಾದವರೂ ನೀವೇ.

ಎಲ್ಲ ತಕರಾರೂ ಈ ಕೋರ್ಟಿನದ್ದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಡಿಕ್ಲರೇಶನ್ ಹಾಕಿದ ಒಕ್ಕಲುಗಳಿಗೆ ಭೂನ್ಯಾಯಮಂಡಳಿ ಹಕ್ಕು ಕೊಟ್ಟಿತು. ಯಾರು ಗೇಣಿದಾರ ಎಂಬ ಪ್ರಶ್ನೆಯನ್ನು ಸಿವಿಲ್ ಕೋರ್ಟು ತೀರ್ಮಾನಿಸುವಂತಿಲ್ಲ. ಆದರೆ ಒಬ್ಬ ಅಣ್ಣನ ಹೆಸರಲ್ಲಿ ಬಂದ ಹಕ್ಕು ಇಡೀ ಕುಟುಂಬದ್ದೇ ಎಂಬ ಪಾಲಿನ ದಾವೆ ಇಲ್ಲಿಗೇ ಬರುತ್ತದೆ. ಪಾಲಿನ ದಾವೆಯಲ್ಲಿ ವಕೀಲರು ಮೊದಲು ಕೇಳುವುದು ‘ನಿಮ್ಮದು ಮಕ್ಕಳಕಟ್ಟೋ ಅಳಿಯಕಟ್ಟೋ?’ ಅಳಿಯಕಟ್ಟಿನ ಕುಟುಂಬದ ಲೆಕ್ಕ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯ ಕವರುಗಳಿಂದ ಶುರುವಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದು ಸೇರುತ್ತದೆ. ಅಲ್ಲಿ ವಂಶವೃಕ್ಷ ಬರೆಯುವುದು ಅಜ್ಜಿಯಿಂದ. ಮಕ್ಕಳಕಟ್ಟಿನಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು. 2005ರ ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು.

ಡಿಕ್ರಿ ಕೈಗೆ ಬಂದರೆ ಕೇಸು ಮುಗಿಯಿತೆಂದಲ್ಲ. ಬೇಲಿ ತಾನಾಗಿ ಬೀಳುವುದಿಲ್ಲ, ಅಮಲ್ಜಾರಿ ಅರ್ಜಿ ಹಾಕಬೇಕು. ಸೋತವರು ಮೇಲ್ಮನವಿಗೆ 30 ದಿನದೊಳಗೆ ಹೋಗಬಹುದು. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳು ಈ ಲೆಕ್ಕಕ್ಕಿಲ್ಲ. ಎರಡನೆಯ ಮೇಲ್ಮನವಿ ಹೈಕೋರ್ಟಿಗೆ, ಅದೂ ಕಾನೂನಿನ ಗಣನೀಯ ಪ್ರಶ್ನೆ ಇದ್ದರೆ ಮಾತ್ರ. ಶಿರೂರು ದಾಟಿ ಭಟ್ಕಳದವರಾದರೆ ಧಾರವಾಡದ ಪೀಠ, ನಾವು ಬೆಂಗಳೂರಿಗೇ ಹೋಗಬೇಕು.

ಇಷ್ಟು ದೂರ ಹೋಗದೆ ಮುಗಿಸುವ ಅವಕಾಶ ದಾವೆಯ ಯಾವ ಹಂತದಲ್ಲೂ ಇದೆ. ಊರ ಪಂಚಾಯಿತಿಕೆಯಲ್ಲಿ, ಧರ್ಮಸ್ಥಳದ ಹೊಯ್ಲಿನಲ್ಲಿ ಆದ ರಾಜಿಗೆ ನಮ್ಮಲ್ಲಿ ಮರ್ಯಾದೆ ದೊಡ್ಡದು. ಆದರೆ ಜಾಗದ ಹಕ್ಕು ಅದಲುಬದಲು ಮಾಡುವ ಪಾಲುಪಟ್ಟಿಯನ್ನು ನೋಂದಣಿಯಿಲ್ಲದೆ ಬರೆದಿಟ್ಟರೆ ಕೋರ್ಟು ಅದನ್ನು ಪುರಾವೆಯಾಗಿ ತೆಗೆದುಕೊಳ್ಳುವುದಿಲ್ಲ. ಮುದ್ರಾಂಕ ಕಡಿಮೆಯಿದ್ದರೆ ಹತ್ತು ಪಟ್ಟು ದಂಡದ ಮಾತು ಬರುತ್ತದೆ. ಅದೇ ರಾಜಿಯನ್ನು ಲೋಕ ಅದಾಲತ್ತಿನಲ್ಲಿ ಮಾಡಿದರೆ ಡಿಕ್ರಿಯ ಬಲ ಬರುತ್ತದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀಯೂ ವಾಪಸು.

ರಾಜಿಯ ಬರಹದಲ್ಲಿ ಮಾತ್ರ ಅವಸರ ಬೇಡ. ‘ದಾರಿ ಬಿಡಲು ಒಪ್ಪಿದ್ದಾರೆ’ ಎಂಬ ಒಂದು ಸಾಲಿಗೆ ಸಹಿ ಹಾಕಿ ಬಂದವರು ಮರುವರ್ಷ ಅದೇ ಜಗಲಿಯಲ್ಲಿ ಕೂತದ್ದುಂಟು. ನಕ್ಷೆ ಸೇರಿಸಿ. ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ನಡೆಯಲಿಕ್ಕೋ ಗಾಡಿಗೋ, ಕಾರು ಬರಬೇಕಾದರೆ ಅದಕ್ಕೆ ಬದಲಾಗಿ ಎಷ್ಟು ಸೆಂಟ್ಸ್ ಜಾಗ ಅಥವಾ ಎಷ್ಟು ಹಣ, ದಣಪೆ ಯಾರು ಇಡುವುದು, ದನ ನುಗ್ಗಿದರೆ ಯಾರ ಹೊಣೆ, ಕಡಿದ ದರೆ ಜರಿದರೆ ಕಟ್ಟಿಸುವವರು ಯಾರು, ಎಲ್ಲ ಬರೆಸಿ. ಮಳೆಗಾಲದಲ್ಲಿ ಆ ದಾರಿಯ ನೀರನ್ನು ಯಾವ ತೋಡಿಗೆ ಬಿಡುವುದು ಎಂಬುದನ್ನು ವಕೀಲರು ಕೇಳದಿದ್ದರೂ ನೀವೇ ನೆನಪಿಸಿ. ಆ ನೀರು ಯಾರ ತೋಟಕ್ಕೆ ನುಗ್ಗುತ್ತದೆ ಎಂದು ಅವರಿಗಿಂತ ನಿಮಗೇ ಚೆನ್ನಾಗಿ ಗೊತ್ತು.